ಕಟ್ಟಡವು ನಮ್ಮದು, ಅದರ ಮಾದರಿಯು ಯಾರದು?

೨೦೨೫ನೆಯ ಇಸವಿಯ ಜುಲೈ ತಿಂಗಳಲ್ಲಿ, ಗುಜರಾತದ ವಾಡಿನಾರದಲ್ಲಿ ತೈಲಶುದ್ಧಿಯ ಮಹಾ ಕಾರಖಾನೆಯನ್ನು ನಡೆಯಿಸುತ್ತಿರುವ ನಯಾರಾ ಎನರ್ಜಿ ಎಂಬ ಕಂಪೆನಿಗೆ ಒಂದು ವಿಚಿತ್ರವಾದ ಸಂಕಟವು ಒದಗಿತು. ಆ ಕಂಪೆನಿಯಲ್ಲಿ ರಷ್ಯದ ರೋಸ್ನೆಫ್ಟ್ ಸಂಸ್ಥೆಗೆ ದೊಡ್ಡ ಪಾಲು ಉಂಟೆಂಬ ಕಾರಣದಿಂದ ಐರೋಪ್ಯ ಒಕ್ಕೂಟವು ಅದರ ಮೇಲೆ ನಿರ್ಬಂಧವನ್ನು ಹೇರಿತು. ಅದಾದ ಕೆಲವೇ ದಿನಗಳಲ್ಲಿ ಅಮೇರಿಕದ ಮೈಕ್ರೋಸಾಫ್ಟ್ ಸಂಸ್ಥೆಯು ಈ ಕಂಪೆನಿಯ ಪತ್ರವ್ಯವಹಾರವು ನಡೆಯುತ್ತಿದ್ದ ಗಣಕ ಸೇವೆಗಳನ್ನು ನಿಲ್ಲಿಸಿಬಿಟ್ಟಿತು. ಭಾರತ ಸರ್ಕಾರವಾದರೋ ಇಂಥ ಏಕಪಕ್ಷೀಯ ನಿರ್ಬಂಧಗಳನ್ನು ತಾನು ಮನ್ನಿಸುವುದಿಲ್ಲವೆಂದು ಬಹಿರಂಗವಾಗಿಯೇ ಸಾರಿತ್ತು. ಹಣ ತೆತ್ತು ಪಡೆದ ಪರವಾನಗಿಗಳು ಕೈಯಲ್ಲಿದ್ದರೂ ಕಂಪೆನಿಯು ದಿಲ್ಲಿಯ ಉಚ್ಚ ನ್ಯಾಯಾಲಯದ ಬಾಗಿಲಿಗೆ ಹೋಗಬೇಕಾಯಿತು. ಸೇವೆಗಳು ತಿಂಗಳು ಮುಗಿಯುವುದರೊಳಗಾಗಿ ಮರಳಿ ದೊರೆತುವೆಂಬುದು ಸಮಾಧಾನದ ಸಂಗತಿಯೇ. ಆದರೆ ಭಾರತದ ನೆಲದಲ್ಲಿ, ಭಾರತದ ಕಾನೂನಿಗೆ ಒಳಪಟ್ಟು ನಡೆಯುವ ವ್ಯವಹಾರವೊಂದರ ಬೀಗದ ಕೈ ಸಮುದ್ರದ ಆಚೆಗೆ ಇತ್ತೆಂಬುದು ಆ ವಾರದಲ್ಲಿ ಎಲ್ಲರಿಗೂ ತಿಳಿದುಹೋಯಿತು.

ಪತ್ರವ್ಯವಹಾರವು ನಾಲ್ಕು ದಿನ ನಿಂತರೆ ಆಗುವ ಹಾನಿಯು ಒಡನೆಯೇ ಕಣ್ಣಿಗೆ ಬೀಳತಕ್ಕದ್ದು. ಆದುದರಿಂದಲೇ ಪತ್ರಿಕೆಗಳು ಅದನ್ನು ಬರೆದುವು. ಇದೇ ಬಗೆಯ ಪರಾಧೀನತೆಗೆ ಸದ್ದಿಲ್ಲದೆ ಒಳಗಾಗುತ್ತಿರುವ ಇನ್ನೊಂದು ಸೊತ್ತು ನಮ್ಮಲ್ಲಿ ದಿನದಿನಕ್ಕೆ ಬೆಳೆಯುತ್ತಲಿದೆ. ಇಂದಿನ ದೊಡ್ಡ ಆಸ್ಪತ್ರೆಗಳೂ ವಿಮಾನ ನಿಲ್ದಾಣಗಳೂ ಮೆಟ್ರೋ ರೈಲಿನ ನಿಲ್ದಾಣಗಳೂ ನೆಲದ ಮೇಲೆ ಏಳುವುದಕ್ಕೆ ಮುಂಚೆಯೇ ಗಣಕಯಂತ್ರದ ಒಳಗೆ ಗೋಡೆ, ಕಂಬ, ಕೊಳವೆ, ತಂತಿಗಳ ಸಮೇತವಾಗಿ ಎದ್ದು ನಿಲ್ಲುತ್ತವೆ. ಕಸುಬಿನವರು ಇದನ್ನು ‘ಬಿಮ್’ ಎಂದು ಕರೆಯುತ್ತಾರೆ. ನಾವು ಇಲ್ಲಿ ‘ಗಣಕ ಮಾದರಿ’ ಎಂದೇ ಹೇಳುವೆವು. ಈ ಮಾದರಿಯು ವಾಸ್ತುಶಿಲ್ಪಿಯಿಂದ ಇಂಜಿನಿಯರನಿಗೆ, ಇಂಜಿನಿಯರನಿಂದ ಗುತ್ತಿಗೆದಾರನಿಗೆ, ಕಟ್ಟಕಡೆಗೆ ಕಟ್ಟಡದ ಒಡೆಯನಿಗೆ ಯಾವ ರೂಪದಲ್ಲಿ ಸಾಗಬೇಕು, ಸಾಗಿದ ಮೇಲೆ ಅದನ್ನು ತೆರೆದು ನೋಡುವ ಅಧಿಕಾರವು ಯಾರ ಅಂಕಿತದಲ್ಲಿ ಇರಬೇಕು ಎಂಬುದು ಮೇಲುನೋಟಕ್ಕೆ ಇಂಜಿನಿಯರುಗಳ ಒಳಜಗಳದಂತೆ ತೋರುವುದು. ವಾಸ್ತವದಲ್ಲಿ ಅದು ತೆರಿಗೆ ಕೊಡುವ ಪ್ರಜೆಯ ಪ್ರಶ್ನೆಯಾಗಿದೆ.

ನಕಾಶೆಗೂ ಮಾದರಿಗೂ ಇರುವ ಅಂತರವನ್ನು ಮೊದಲು ತಿಳಿಯುವುದು ಅವಶ್ಯ. ನಕಾಶೆಯಲ್ಲಿ ಗೋಡೆಯೆಂದರೆ ಎರಡು ಗೆರೆಗಳು ಮಾತ್ರ. ಅದು ಗೋಡೆಯೆಂದು ತಿಳಿಯುವವನು ನೋಡುವ ಮನುಷ್ಯನು. ಗಣಕ ಮಾದರಿಯಲ್ಲಿ ಗೋಡೆಯು ತಾನು ಗೋಡೆಯೆಂಬುದನ್ನು ತಾನೇ ಬಲ್ಲದು. ತನ್ನ ದಪ್ಪವೆಷ್ಟು, ಇಟ್ಟಿಗೆಯದೋ ಕಾಂಕ್ರೀಟಿನದೋ, ಬೆಂಕಿಯನ್ನು ಎಷ್ಟು ಹೊತ್ತು ತಡೆಯುವುದು, ಯಾವ ಬಾಗಿಲು ತನ್ನೊಳಗೆ ಕುಳಿತಿದೆ ಎಂಬ ವಿವರಗಳೆಲ್ಲ ಅದರ ಮೈಗೇ ಅಂಟಿಕೊಂಡಿರುತ್ತವೆ. ಗೋಡೆಯನ್ನು ಒಂದು ಅಡಿ ಸರಿಸಿದರೆ ಬಾಗಿಲೂ ಜೊತೆಗೆ ಸರಿಯುವುದು. ಆ ಮಹಡಿಯ ನಕ್ಷೆ, ಅಡ್ಡಸೀಳಿಕೆಯ ಚಿತ್ರ, ಇಟ್ಟಿಗೆಯ ಲೆಕ್ಕ ಎಲ್ಲವೂ ತಾವಾಗಿ ತಿದ್ದಿಕೊಳ್ಳುವುವು. ಅಮೇರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿದ್ದ ಚಾರ್ಲ್ಸ್ ಈಸ್ಟ್‌ಮನ್ ಎಂಬ ವಿದ್ವಾಂಸರು ೧೯೭೫ರಲ್ಲಿಯೇ, ರೇಖಾಚಿತ್ರಗಳ ಬದಲಿಗೆ ಗಣಕಯಂತ್ರವನ್ನು ಬಳಸುವ ಈ ಕ್ರಮವನ್ನು ಲೇಖನ ಮುಖೇನ ವಿವರಿಸಿದ್ದರು. ಅಂದಿನ ಯಂತ್ರಗಳಿಗೆ ಆ ಭಾರವನ್ನು ಹೊರುವ ಶಕ್ತಿಯಿರಲಿಲ್ಲ. ೧೯೮೦ರ ದಶಕದಲ್ಲಿ ಹಂಗೇರಿಯ ಗ್ರಾಫಿಸಾಫ್ಟ್ ಸಂಸ್ಥೆಯು ಆರ್ಕಿಕ್ಯಾಡ್ ಎಂಬುದನ್ನು ಹೊರತಂದಿತು; ೨೦೦೦ದಲ್ಲಿ ರೆವಿಟ್ ಎಂಬುದು ಬಂದಿತು; ೨೦೦೨ರಲ್ಲಿ ಅದನ್ನು ಆಟೋಡೆಸ್ಕ್ ಎಂಬ ಅಮೇರಿಕದ ಬಲಿಷ್ಠ ಸಂಸ್ಥೆಯು ಕೊಂಡುಕೊಂಡಿತು. ನಮ್ಮ ನಗರಗಳ ವಾಸ್ತುಶಿಲ್ಪ ಕಚೇರಿಗಳಲ್ಲಿ ಇಂದು ಅತಿ ಹೆಚ್ಚಾಗಿ ಕೇಳಿಬರುವ ಹೆಸರು ಈ ರೆವಿಟ್ಟಿನದೇ.

ಹಿಂದಿನ ಸ್ಥಪತಿಯ ಕಾಲದಲ್ಲಿ ಈ ಸಮಸ್ಯೆಯು ಇರಲಿಲ್ಲವೆಂದೇ ಹೇಳಬಹುದು. ಭಾರವನ್ನು ಹೊರುವ ಲೆಕ್ಕ, ನೀರು ಹರಿಯುವ ದಾರಿ, ಶಿಲ್ಪದ ಅಂದ ಇವೆಲ್ಲವೂ ಒಬ್ಬನ ತಲೆಯಲ್ಲಿಯೋ ಒಂದು ಕುಲದ ಪರಂಪರೆಯಲ್ಲಿಯೋ ಕೂಡಿಕೊಂಡಿರುತ್ತಿದ್ದುವು. ಈಗ ವಿದ್ಯೆಯು ಹಲವು ಕವಲುಗಳಾಗಿ ಒಡೆದಿದೆ. ೨೦೨೨ರ ನವೆಂಬರಿನಲ್ಲಿ ಉದ್ಘಾಟನೆಗೊಂಡ ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲನ್ನೇ ತೆಗೆದುಕೊಳ್ಳಿರಿ: ವಾಸ್ತುರಚನೆಯು ಅಮೇರಿಕದ ಎಸ್.ಓ.ಎಂ. ಸಂಸ್ಥೆಯದು, ತೋಟಗಳ ಯೋಜನೆಯು ಬ್ರಿಟನ್ನಿನ ಗ್ರಾಂಟ್ ಅಸೋಸಿಯೇಟ್ಸ್‌ನದು, ಕಟ್ಟಿದವರು ನಮ್ಮ ಲಾರ್ಸನ್ ಅಂಡ್ ಟುಬ್ರೋದವರು. ಇವರ ನಡುವೆ ಕಂಬ ತೊಲೆಗಳ ಲೆಕ್ಕದವರು, ವಿದ್ಯುತ್ತಿನವರು, ಹವಾನಿಯಂತ್ರಣದವರು, ಅಗ್ನಿಶಾಮಕ ವ್ಯವಸ್ಥೆಯವರು, ಉಕ್ಕನ್ನು ಕತ್ತರಿಸಿ ಕೊಡುವವರು ಎಂದು ಬೇರೆ ಬೇರೆ ತಂಡಗಳು. ಇಂಥ ಯಾವುದೇ ದೊಡ್ಡ ಕೆಲಸದಲ್ಲಿ ಒಬ್ಬೊಬ್ಬರದು ಒಂದೊಂದು ಕಸುಬು; ಕಸುಬಿಗೆ ತಕ್ಕ ತಂತ್ರಾಂಶವೂ ಅನೇಕ ವೇಳೆ ಬೇರೆಬೇರೆ.

ತಂತ್ರಾಂಶಗಳು ಬೇರೆಯಾಗಿರುವುದಕ್ಕಿಂತ ಗಹನವಾದ ತೊಡಕೊಂದುಂಟು. ಒಂದೇ ಗೋಡೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಕಾಣುತ್ತಾರೆ. ವಾಸ್ತುಶಿಲ್ಪಿಗೆ ಅದು ಗಿಲಾವು, ಬಣ್ಣ, ಒಳಪದರಗಳ ಸಮೇತವಾದ ಒಂದು ವಸ್ತು. ರಚನೆಯ ಇಂಜಿನಿಯರನಿಗೆ ಭಾರ ಹೊರುವ ತಿರುಳು ಮಾತ್ರ ಗೋಡೆ. ಭಾರ ಹೊರದ ಇಟ್ಟಿಗೆಯ ಅಡ್ಡಗೋಡೆಯು ಅವನ ಪಾಲಿಗೆ ಇಲ್ಲವೇ ಇಲ್ಲ, ಇದ್ದರೂ ಅದು ತೊಲೆಯ ಮೇಲೆ ಬೀಳುವ ಒಂದು ತೂಕ. ಗುತ್ತಿಗೆದಾರನಿಗೆ ಅದು ಮೂರು ದಿನಗಳಲ್ಲಿ ಮೂರು ಸಲ ಕಾಂಕ್ರೀಟು ಹಾಕಬೇಕಾದ ಮೂರು ತುಂಡು. ಅಂದಾಜುಪಟ್ಟಿ ಮಾಡುವವನಿಗೆ ಇಷ್ಟು ಚದರ ಮೀಟರು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಬ್ಬನ ಗೋಡೆಯನ್ನು ಇನ್ನೊಬ್ಬನ ಯಂತ್ರವು ಹಾಗೆಯೇ ನುಂಗಿ ಅರಗಿಸಿಕೊಳ್ಳಲಾರದು.

ನೆಲದ ಮಟ್ಟದ ವಿಷಯವೂ ಹೀಗೆಯೇ. ಮೊದಲನೆಯ ಮಹಡಿಯ ಮಟ್ಟವೆಂದರೆ ವಾಸ್ತುಶಿಲ್ಪಿಯು ಹಾಸುಗಲ್ಲಿನ ಮೇಲ್ಮೈಯನ್ನು ಹೇಳುವನು. ಇಂಜಿನಿಯರನು ಕಲ್ಲು ಹಾಸುವುದಕ್ಕೆ ಮುಂಚಿನ ಸ್ಲ್ಯಾಬಿನ ನೆತ್ತಿಯನ್ನು ಹೇಳುವನು. ನಡುವೆ ಇರುವುದು ಕೆಲವು ಅಂಗುಲಗಳೇ ಆದರೂ, ಈ ಮಾತನ್ನು ಮೊದಲೇ ಆಡಿಕೊಳ್ಳದಿದ್ದರೆ ಮೆಟ್ಟಿಲಿನ ಕಡೆಯ ಹೆಜ್ಜೆಯಲ್ಲಿ ಅದು ಪ್ರತ್ಯಕ್ಷವಾಗುವುದು. ಅಳತೆಯ ಮೂಲಬಿಂದುವನ್ನು ಇಬ್ಬರೂ ಒಂದೇ ಕಡೆ ಇಟ್ಟುಕೊಳ್ಳದೆ ಮಾದರಿಗಳನ್ನು ಜೋಡಿಸಹೊರಟರೆ, ಗೋಡೆಗಳು ಒಂದೆಡೆಯೂ ಅವುಗಳ ಕೊಳವೆಗಳು ಮೈಲುಗಟ್ಟಲೆ ದೂರದಲ್ಲಿಯೂ ತೇಲುತ್ತಿರುವ ವಿನೋದವನ್ನು ಕಾಣಬಹುದು. ಇದು ನಗುವ ವಿಷಯವೇ; ಏಕೆಂದರೆ ಇದನ್ನು ಗಣಕದಲ್ಲಿಯೇ ಕಂಡು ತಿದ್ದಬಹುದು. ನಗಲಾಗದ್ದು ಯಾವುದೆಂದರೆ, ತೊಲೆಯು ಗಟ್ಟಿಯಾದ ಮೇಲೆ ಅದರ ನಟ್ಟನಡುವೆ ಮಲಿನಜಲದ ಕೊಳವೆಗೆ ದಾರಿ ಬೇಕೆಂದು ತಿಳಿಯುವುದು. ಆಗ ಮೇಸ್ತ್ರಿಯು ಉಳಿ ಸುತ್ತಿಗೆಯನ್ನು ಹಿಡಿಯುವನು. ಕಬ್ಬಿಣದ ಸರಳು ತುಂಡಾಗುವುದು. ಆಮೇಲೆ ಯಾರ ತಪ್ಪೆಂಬ ವ್ಯಾಜ್ಯವು ವರ್ಷಗಟ್ಟಲೆ ಎಳೆಯುವುದು. ಎಲ್ಲರ ಮಾದರಿಗಳನ್ನೂ ಮೇಲಿಂದ ಮೇಲೆ ಒಂದೆಡೆ ಕೂಡಿಸಿ ನೋಡಿದ್ದರೆ ಈ ತಾಗಾಟವು ಮೊದಲೇ ಕೆಂಪಾಗಿ ಕಾಣುತ್ತಿದ್ದಿತು. ಮಾದರಿಗಳನ್ನು ಹಂಚಿಕೊಳ್ಳುವುದರ ಪ್ರಥಮ ಪ್ರಯೋಜನವು ಇದು.

ಹಂಚಿಕೊಳ್ಳಲು ಒಂದು ಸಮಾನವಾದ ಬರವಣಿಗೆ ಬೇಕು. ಕನ್ನಡ ವಾಚಕರಿಗೆ ಈ ಮಾತನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ಶ್ರೀಲಿಪಿಯಲ್ಲಿ ಬೆರಳಚ್ಚು ಮಾಡಿದ ಲೇಖನವು ಬರಹದಲ್ಲಿಯೋ ನುಡಿಯಲ್ಲಿಯೋ ತೆರೆದಾಗ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದುದನ್ನು ನಮ್ಮ ಮುದ್ರಣಾಲಯಗಳೂ ಸರ್ಕಾರಿ ಕಚೇರಿಗಳೂ ಬಹುಕಾಲ ಅನುಭವಿಸಿವೆ. ಯಾರ ಸೊತ್ತೂ ಅಲ್ಲದ ಯೂನಿಕೋಡ್ ಎಂಬ ಸಂಕೇತಕ್ರಮದಲ್ಲಿ ಕನ್ನಡವು ೧೯೯೧ರಲ್ಲಿಯೇ ಸ್ಥಾನವನ್ನು ಪಡೆದಿದ್ದರೂ, ನಾವು ಅದಕ್ಕೆ ಬರುವಷ್ಟರಲ್ಲಿ ಎಷ್ಟೋ ಪುಸ್ತಕಗಳ ಕಡತಗಳು ಓದಲಾಗದ ಸ್ಥಿತಿಯನ್ನು ಮುಟ್ಟಿದ್ದುವು. ಕಟ್ಟಡಗಳ ಲೋಕದಲ್ಲಿ ಯೂನಿಕೋಡಿನ ಸ್ಥಾನದಲ್ಲಿ ನಿಲ್ಲತಕ್ಕದ್ದು ಐ.ಎಫ್.ಸಿ. ಎಂಬ ಮುಕ್ತ ಕ್ರಮ. ಅದರ ಚರಿತ್ರೆಯಲ್ಲಿ ಒಂದು ವಿನೋದವುಂಟು: ೧೯೯೪ರಲ್ಲಿ ಅದಕ್ಕಾಗಿ ಅಮೇರಿಕದ ಹನ್ನೆರಡು ಕಂಪೆನಿಗಳನ್ನು ಒಂದೆಡೆಗೆ ಕರೆದದ್ದು ಆಟೋಡೆಸ್ಕ್ ಸಂಸ್ಥೆಯೇ. ಮರುವರ್ಷ ಆ ಕೂಟವು ಎಲ್ಲರಿಗೂ ತೆರೆಯಿತು. ಈಗ ಅದಕ್ಕೆ ಬಿಲ್ಡಿಂಗ್‌ಸ್ಮಾರ್ಟ್ ಎಂಬ ಹೆಸರಿದೆ. ೨೦೧೩ರಲ್ಲಿ ಐ.ಎಫ್.ಸಿ.ಯು ಅಂತರ್ರಾಷ್ಟ್ರೀಯ ಮಾನಕ ಸಂಸ್ಥೆಯ ೧೬೭೩೯ನೆಯ ಸಂಖ್ಯೆಯ ಪೂರ್ಣ ಮಾನಕವಾಯಿತು. ೨೦೨೪ರ ಪರಿಷ್ಕರಣದಲ್ಲಿ ಸೇತುವೆ, ರಸ್ತೆ, ರೈಲುದಾರಿ, ಬಂದರುಗಳ ಅಂಗಗಳೂ ಸೇರಿದುವು. ಅದರ ಕಡತವು ಸಾಮಾನ್ಯವಾಗಿ ಬರಿಯ ಅಕ್ಷರಗಳ ಸಾಲು. ಯಾವ ತಂತ್ರಾಂಶವೂ ಇಲ್ಲದೆ, ತಾಳ್ಮೆಯೊಂದಿದ್ದರೆ, ಬರಿಗಣ್ಣಿನಿಂದಲೇ ಇದು ಗೋಡೆ, ಇದು ತೊಲೆ ಎಂದು ಓದಬಹುದು. ಐವತ್ತು ವರ್ಷಗಳ ಮೇಲೆ ಬರುವ ಇಂಜಿನಿಯರನೂ ಓದಬಲ್ಲನು. ಇದು ಸಣ್ಣ ಗುಣವೇನೂ ಅಲ್ಲ.

ಹಾಗಾದರೆ ಎಲ್ಲರೂ ಇದನ್ನೇ ಏಕೆ ಬಳಸುತ್ತಿಲ್ಲ? ಕೇವಲ ಕಂಪೆನಿಗಳ ಕುಯುಕ್ತಿಯೆಂದು ದೂರಿದರೆ ಸತ್ಯಕ್ಕೆ ಅಪಚಾರವಾದೀತು. ಒಂದು ತಂತ್ರಾಂಶದಲ್ಲಿ ಕಟ್ಟಿದ ಮಾದರಿಯನ್ನು ಐ.ಎಫ್.ಸಿ.ಗೆ ಇಳಿಸಿದಾಗ ಆಕಾರವೂ ಹೆಸರೂ ಗುಣಗಳೂ ಉಳಿದರೂ, ಸರಿಸಿದರೆ ತಾನಾಗಿ ಸರಿಯುವ ಆ ಜೀವವು ಬಹುಮಟ್ಟಿಗೆ ಹಿಂದೆಯೇ ಉಳಿದುಬಿಡುವುದು. ಕೆಲವೊಮ್ಮೆ ಮೆಟ್ಟಿಲಿನಂಥ ಸಂಕೀರ್ಣವಾದ ಅಂಗವು ಹೆಸರಿಲ್ಲದ ಮುದ್ದೆಯಾಗಿ ಹೊರಬೀಳುವುದೂ ಉಂಟು. ಇಳಿಸುವವನು ಯಾವ ಗುಣಗಳನ್ನು ಸೇರಿಸಬೇಕೆಂದು ಮೊದಲೇ ಗೊತ್ತುಮಾಡದಿದ್ದರೆ ಕಡತವು ಬರಿಯ ಚಿಪ್ಪಾಗಿ ಬರುವುದು. ಆದರೆ ಅನುಭವಿಗಳು ಇದಕ್ಕೆ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಇಂಜಿನಿಯರನ ಕಂಬವನ್ನು ವಾಸ್ತುಶಿಲ್ಪಿಯು ತನ್ನ ಯಂತ್ರದಲ್ಲಿ ತಿದ್ದಕೂಡದು. ತಿದ್ದಿದರೆ ಕಟ್ಟಡವು ಬಿರುಕು ಬಿಟ್ಟ ದಿನ ಹೊಣೆಯು ಯಾರ ತಲೆಗೆ? ಒಬ್ಬೊಬ್ಬನೂ ತನ್ನ ಮಾದರಿಗೆ ತಾನೇ ಒಡೆಯನಾಗಿದ್ದು, ಉಳಿದವರಿಗೆ ನೋಡಲು, ಅಳೆಯಲು, ತನ್ನದರೊಡನೆ ಹೋಲಿಸಲು ಒಂದು ನಿಷ್ಠೆಯುಳ್ಳ ಪ್ರತಿಯನ್ನು ಕೊಡಬೇಕು. ತಪ್ಪು ಕಂಡರೆ ಇಂಥ ಕಂಬಕ್ಕೆ ಇಂಥ ಕೊಳವೆ ತಾಗಿದೆಯೆಂದು ಚೀಟಿ ಬರೆದು ಹಿಂದಿರುಗಿಸಬೇಕು. ಐ.ಎಫ್.ಸಿ.ಯು ಈ ಪ್ರತಿಯ ಕೆಲಸಕ್ಕೆ ಚೆನ್ನಾಗಿ ಒದಗುವುದು. ಚೀಟಿಗಾಗಿಯೂ ಬೇರೊಂದು ಮುಕ್ತ ಕ್ರಮವುಂಟು. ಎಲ್ಲರೂ ಎಲ್ಲವನ್ನೂ ತಿದ್ದಬಲ್ಲ ಒಂದೇ ಮಹಾಮಾದರಿಯೆಂಬುದು ಮಾರಾಟಗಾರರ ಬಾಯಲ್ಲಿ ಸೊಗಸಾಗಿ ಕೇಳುತ್ತದೆ. ಕರಾರುಪತ್ರವನ್ನು ಓದಿ ಸಹಿ ಮಾಡಿದ ಯಾವ ಇಂಜಿನಿಯರನೂ ಅದನ್ನು ಬಯಸಲಾರನು.

ಇನ್ನೊಂದು ಸುಲಭವಾದ ದಾರಿಯನ್ನು ಅನೇಕರು ಸೂಚಿಸುತ್ತಾರೆ: ಎಲ್ಲರೂ ಒಂದೇ ಕಂಪೆನಿಯ ತಂತ್ರಾಂಶವನ್ನು ಕೊಂಡರೆ ತೊಡಕೇ ಇಲ್ಲವಲ್ಲ! ತತ್ಕಾಲಕ್ಕೆ ಇದು ನಿಜವೇ. ಹಾಗೆಂದೇ ಎಷ್ಟೋ ಟೆಂಡರುಗಳಲ್ಲಿ ಕಡತವು ಇಂಥ ಕಂಪೆನಿಯ ಇಂಥ ಹೆಸರಿನದೇ ಆಗಿರಬೇಕೆಂಬ ಷರತ್ತು ಸೇರಿಕೊಳ್ಳುವುದು. ಇದರ ಫಲವನ್ನು ನೋಡಿರಿ. ರೆವಿಟ್ಟಿನ ಹೊಸ ವರ್ಷದ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯ ವರ್ಷದ ಆವೃತ್ತಿಯು ತೆರೆಯುವುದಿಲ್ಲ. ಹಳೆಯ ರೂಪಕ್ಕೆ ಇಳಿಸಿ ಕೊಡುವ ಉಪಾಯವನ್ನೂ ಅದರಲ್ಲಿ ಇಟ್ಟಿಲ್ಲ. ಆದುದರಿಂದ ದೊಡ್ಡ ಕಚೇರಿಯೊಂದು ಹೊಸದಕ್ಕೆ ಹೋದರೆ ಅದರೊಡನೆ ಕೆಲಸ ಮಾಡುವ ಸಣ್ಣ ಕಚೇರಿಗಳೆಲ್ಲವೂ ಹಿಂದೆ ಹಿಂದೆಯೇ ಹೋಗಬೇಕು. ೨೦೧೬ರಲ್ಲಿ ಆಟೋಡೆಸ್ಕ್ ಸಂಸ್ಥೆಯು ತನ್ನ ತಂತ್ರಾಂಶಗಳ ಶಾಶ್ವತ ಪರವಾನಗಿಗಳನ್ನು ಹೊಸದಾಗಿ ಮಾರುವುದನ್ನು ನಿಲ್ಲಿಸಿ, ವರ್ಷ ವರ್ಷವೂ ಬಾಡಿಗೆ ತೆರುವ ಕ್ರಮವನ್ನು ತಂದಿತು. ಬಾಡಿಗೆ ನಿಂತರೆ ಯಂತ್ರವು ನಿಲ್ಲುವುದು. ಯಂತ್ರವು ನಿಂತರೆ ನಮ್ಮದೇ ಮಾದರಿಯು ನಮಗೆ ಮೂಕವಾಗುವುದು.

ಈ ಹೊರೆಯು ಬಡದೇಶಗಳ ಗೊಣಗಾಟವೆಂದು ಯಾರೂ ತಿಳಿಯಬೇಕಾಗಿಲ್ಲ. ೨೦೨೦ರ ಜುಲೈ ತಿಂಗಳಲ್ಲಿ ಜಹಾ ಹದೀದ್, ಗ್ರಿಮ್‌ಶಾ ಮೊದಲಾದ ಜಗತ್ಪ್ರಸಿದ್ಧ ವಾಸ್ತುಶಿಲ್ಪ ಸಂಸ್ಥೆಗಳೇ ಆಟೋಡೆಸ್ಕಿನ ಮುಖ್ಯಾಧಿಕಾರಿಗೆ ಬಹಿರಂಗ ಪತ್ರವೊಂದನ್ನು ಬರೆದುವು. ಪರವಾನಗಿಯ ವೆಚ್ಚವು ಏರುತ್ತಲೇ ಇದೆ, ರೆವಿಟ್ ಮಾತ್ರ ಅದಕ್ಕೆ ತಕ್ಕಂತೆ ಸುಧಾರಿಸುತ್ತಿಲ್ಲ ಎಂಬುದು ಆ ಪತ್ರದ ಸಾರ. ೨೦೨೨ರಲ್ಲಿ ಉತ್ತರ ಐರೋಪ್ಯ ದೇಶಗಳ ವಾಸ್ತುಶಿಲ್ಪಿಗಳ ಸಂಘಗಳೂ ಇದೇ ಧಾಟಿಯಲ್ಲಿ ಬರೆದುವು. ಒತ್ತಾಯಕ್ಕೆ ಫಲವಿಲ್ಲದೆ ಇಲ್ಲ. ನಕಾಶೆಯ ಕಡತಗಳನ್ನು ಎಲ್ಲರೂ ಓದುವಂತೆ ಮಾಡಲು ಹೊರಟಿದ್ದ ಓಪನ್ ಡಿಸೈನ್ ಅಲಯನ್ಸ್ ಎಂಬ ಕೂಟದ ಮೇಲೆ ೨೦೦೬ರಲ್ಲಿ ದಾವೆ ಹೂಡಿದ್ದ ಅದೇ ಆಟೋಡೆಸ್ಕ್, ೨೦೨೦ರಲ್ಲಿ ತಾನೇ ಆ ಕೂಟದ ಸದಸ್ಯನಾಯಿತು, ಐ.ಎಫ್.ಸಿ.ಯನ್ನು ಚೆನ್ನಾಗಿ ಬರೆಯುವ ಓದುವ ಸಾಧನವು ತನಗೆ ಬೇಕೆಂಬುದೇ ಅದಕ್ಕೆ ಕಾರಣವೆಂದು ಹೇಳಿಕೊಂಡಿತು. ಗಿರಾಕಿಯು ಗಟ್ಟಿಯಾಗಿ ಕೇಳಿದರೆ ಅಂಗಡಿಯವನು ಕೊಡುತ್ತಾನೆ.

ಬೆಲೆಯ ಮಾತು ಹಾಗಿರಲಿ. ಅಪಾಯದ ಮಾತು ಬೇರೆಯೇ ಇದೆ. ೨೦೨೨ರ ಮಾರ್ಚಿಯಲ್ಲಿ ಯುಕ್ರೇನಿನ ಯುದ್ಧವು ಮೊದಲಾದ ಕೆಲದಿನಗಳಲ್ಲಿಯೇ ಆಟೋಡೆಸ್ಕ್ ಸಂಸ್ಥೆಯು ರಷ್ಯದಲ್ಲಿ ತನ್ನ ವ್ಯಾಪಾರವನ್ನು ನಿಲ್ಲಿಸಿತು. ಆ ಯುದ್ಧದ ನ್ಯಾಯಾನ್ಯಾಯಗಳು ಇಲ್ಲಿ ನಮಗೆ ಪ್ರಸ್ತುತವಲ್ಲ. ೨೦೧೯ರಲ್ಲಿ ಅಮೇರಿಕದ ಅಧ್ಯಕ್ಷರ ಆಜ್ಞೆಯೊಂದರ ಕಾರಣದಿಂದ ಅಡೋಬಿ ಸಂಸ್ಥೆಯು ವೆನೆಜುವೇಲಾದ ಗಿರಾಕಿಗಳೆಲ್ಲರ ಖಾತೆಗಳನ್ನು ಮುಚ್ಚುವುದಾಗಿ ಸಾರಿತ್ತು. ಆಮೇಲೆ ಅಮೇರಿಕದ ಸರ್ಕಾರದಿಂದ ಅನುಮತಿ ಪಡೆದು ಆ ನಿರ್ಧಾರವನ್ನು ಬಿಟ್ಟಿತು. ನಯಾರಾದ ಪ್ರಕರಣದಲ್ಲಿಯಾದರೋ ಭಾರತದ ಕಂಪೆನಿಯೇ ಗುರಿಯಾಯಿತು. ಈ ಮೂರರಲ್ಲಿಯೂ ಗಿರಾಕಿಯ ತಪ್ಪೊಪ್ಪುಗಳನ್ನು ಅವನ ಸ್ವದೇಶದ ನ್ಯಾಯಾಲಯವು ವಿಚಾರಿಸಿರಲಿಲ್ಲ. ಮಾರಾಟಗಾರನು ತನ್ನ ಸರ್ಕಾರದ ಇಲ್ಲವೆ ಪರಸರ್ಕಾರದ ಆಜ್ಞೆಗೋ ತನ್ನದೇ ಇಷ್ಟಕ್ಕೋ ಅನುಸಾರವಾಗಿ ನಡೆದುಕೊಂಡನು. ನಮ್ಮ ಆಸ್ಪತ್ರೆಯೊಂದರ ಆಮ್ಲಜನಕದ ಕೊಳವೆಗಳು ಯಾವ ಗೋಡೆಯ ಹಿಂದೆ ಹಾಯ್ದಿವೆಯೆಂಬ ಜ್ಞಾನವು ಇಂಥ ಬೀಗದ ಒಳಗೆ ಇರುವುದು ವಿವೇಕವೆನ್ನಿಸೀತೇ?

ಹಣದ ಲೆಕ್ಕಕ್ಕೆ ಬರೋಣ. ಮಾದರಿಗಳೂ ವಿವರಗಳೂ ಒಬ್ಬರಿಂದ ಒಬ್ಬರಿಗೆ ಸರಿಯಾಗಿ ಸಾಗದೆ ಇರುವುದರಿಂದಾಗುವ ನಷ್ಟವನ್ನು ಅಮೇರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನವು ಅಂದಾಜುಮಾಡಿತು. ೨೦೦೨ನೆಯ ಒಂದೇ ವರ್ಷದಲ್ಲಿ ಆ ದೇಶದ ದೊಡ್ಡ ಕಟ್ಟಡ ಕಾರಖಾನೆಗಳ ವಲಯದಲ್ಲಿ ಈ ನಷ್ಟವು ಸುಮಾರು ೧೫೮೦ ಕೋಟಿ ಡಾಲರು. ವಾಸ್ತುಶಿಲ್ಪಿಗಳೂ ಇಂಜಿನಿಯರುಗಳೂ ಹೊತ್ತದ್ದು ಇದರಲ್ಲಿ ಸುಮಾರು ೧೨೦ ಕೋಟಿ. ಮುಖ್ಯ ಗುತ್ತಿಗೆದಾರರು ೧೮೦ ಕೋಟಿ. ಬಿಡಿಭಾಗಗಳನ್ನು ತಯಾರಿಸಿ ಒದಗಿಸುವವರು ೨೨೦ ಕೋಟಿ. ಮಿಕ್ಕ ೧೦೬೦ ಕೋಟಿಯನ್ನು, ಅಂದರೆ ಮೂರರಲ್ಲಿ ಎರಡು ಪಾಲನ್ನು ಹೊತ್ತವರು ಕಟ್ಟಡದ ಒಡೆಯರು ಮತ್ತು ಅದನ್ನು ನಡೆಯಿಸುವವರು. ಲೆಕ್ಕವು ಹಳೆಯದು, ದೇಶವು ಬೇರೆ. ಆದರೂ ಈ ಪಾಲುಗಳ ಪ್ರಮಾಣವು ಬಹು ಬೋಧಪ್ರದವಾಗಿದೆ. ಕಟ್ಟುವವರು ಎರಡು ಮೂರು ವರ್ಷಗಳಲ್ಲಿ ಕೆಲಸ ತೀರಿಸಿ ಹೊರಟುಹೋಗುತ್ತಾರೆ. ಒಡೆಯನು ಐವತ್ತು ಅರವತ್ತು ವರ್ಷ ಅದರೊಳಗೆ ಬಾಳಬೇಕು. ಯಾವ ಕವಾಟವನ್ನು ತಿರುಗಿಸಿದರೆ ಯಾವ ಮಹಡಿಯ ನೀರು ನಿಲ್ಲುವುದೆಂದು ಹುಡುಕಬೇಕು. ದುರಸ್ತಿಗೆಂದು ಅಳತೆಗಳನ್ನು ಮತ್ತೆ ತೆಗೆಯಿಸಬೇಕು. ಸಾರ್ವಜನಿಕ ಕಟ್ಟಡಗಳಲ್ಲಿ ಈ ಒಡೆಯನು ಯಾರು? ಲೋಕೋಪಯೋಗಿ ಇಲಾಖೆಯ ಹಿಂದೆ ನಿಂತಿರುವ ರಯತನೂ ಕೂಲಿಗಾರನೂ ಅಂಗಡಿಕಾರನೂ ಅಲ್ಲವೇ? ನಷ್ಟದ ಹೆಚ್ಚಿನ ಪಾಲು ಯಾರದೋ, ಷರತ್ತು ಹಾಕುವ ಹಕ್ಕೂ ಅವರದೇ ಆಗಿರಬೇಕು.

ಈ ಹಕ್ಕನ್ನು ಅರಿತು ನಡೆದ ಸರ್ಕಾರಗಳು ಇಲ್ಲದಿಲ್ಲ. ಫಿನ್ಲಂಡ್ ದೇಶದಲ್ಲಿ ಸರ್ಕಾರಿ ಕಟ್ಟಡಗಳ ಒಡೆತನವನ್ನು ನೋಡಿಕೊಳ್ಳುವ ಸೆನೇಟ್ ಪ್ರಾಪರ್ಟೀಸ್ ಎಂಬ ಸಂಸ್ಥೆಯು ೨೦೦೭ರ ಅಕ್ಟೋಬರಿನಿಂದಲೇ ತನ್ನ ಕೆಲಸಗಳಲ್ಲಿ ಐ.ಎಫ್.ಸಿ. ಮಾದರಿಗಳನ್ನು ಕೇಳತೊಡಗಿತು. ಯಾರು ಯಾವ ತಂತ್ರಾಂಶವನ್ನಾದರೂ ಬಳಸಿಕೊಳ್ಳಲಿ, ಒಡೆಯನ ಕೈಗೆ ಬರುವುದು ಮಾತ್ರ ಮುಕ್ತ ರೂಪದಲ್ಲಿ ಬರಬೇಕೆಂಬುದು ಅದರ ಧೋರಣೆ. ಸಿಂಗಪುರವು ೨೦೧೫ರ ವೇಳೆಗೆ ೫೦೦೦ ಚದರ ಮೀಟರಿಗಿಂತ ದೊಡ್ಡದಾದ ಹೊಸ ಕಟ್ಟಡಗಳ ಅನುಮತಿಗೆ ಗಣಕ ಮಾದರಿಯನ್ನು ಕಡ್ಡಾಯಗೊಳಿಸಿತ್ತು. ೨೦೨೩ರ ಡಿಸೆಂಬರಿನಲ್ಲಿ ಆರಂಭಿಸಿದ ತನ್ನ ಹೊಸ ವ್ಯವಸ್ಥೆಯಲ್ಲಿ ಆ ಮಾದರಿಗಳು ತನ್ನ ಅಗತ್ಯಕ್ಕೆ ಹೊಂದಿಸಿಕೊಂಡ ಐ.ಎಫ್.ಸಿ. ರೂಪದಲ್ಲಿಯೇ ಬರಬೇಕೆಂದು ಗೊತ್ತುಮಾಡಿತು. ಬ್ರಿಟಿಷ್ ಸರ್ಕಾರವು ೨೦೧೧ರಲ್ಲಿ ಮುನ್ನೆಚ್ಚರಿಕೆ ಕೊಟ್ಟು ೨೦೧೬ರ ಎಪ್ರಿಲಿನಿಂದ ಕೇಂದ್ರ ಸರ್ಕಾರದ ಕಾಮಗಾರಿಗಳಲ್ಲಿ ಗಣಕ ಮಾದರಿಗಳ ಬಳಕೆಯನ್ನು ಕಡ್ಡಾಯ ಮಾಡಿತು. ಐದು ವರ್ಷಗಳ ಈ ಅವಧಿಯು ಗಮನಾರ್ಹವಾದದ್ದು. ಕಸುಬಿನವರಿಗೆ ಕಲಿಯಲು ಕಾಲವು ಬೇಕು.

ಇತ್ತ ನಮ್ಮ ಸ್ಥಿತಿಯನ್ನು ನೋಡಿದರೆ ಒಂದು ವೈಪರೀತ್ಯವು ಎದ್ದು ಕಾಣುತ್ತದೆ. ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ನಮ್ಮ ತರುಣ ತರುಣಿಯರು ಹಗಲಿರುಳು ಕುಳಿತು ಇಂಗ್ಲೆಂಡಿನ ಆಸ್ಪತ್ರೆಗಳಿಗೂ ಅಮೇರಿಕದ ಶಾಲೆಗಳಿಗೂ ಗಣಕ ಮಾದರಿಗಳನ್ನು ಕಟ್ಟಿಕೊಡುತ್ತಾರೆ. ಅಲ್ಲಿಯ ಗಿರಾಕಿಯ ಕಟ್ಟುನಿಟ್ಟಾದ ಷರತ್ತುಗಳನ್ನು ಓದಿ, ಯಾವ ಗುಣಗಳು ಕಡತದಲ್ಲಿರಬೇಕೆಂದು ಪಟ್ಟಿ ಹಿಡಿದು ಪರಿಶೀಲಿಸುವ ಕೌಶಲವು ಅವರಿಗೆ ಕರಗತವಾಗಿದೆ. ಅದೇ ಊರಿನ ಸರ್ಕಾರಿ ಕಟ್ಟಡದ ಟೆಂಡರಿನಲ್ಲಿ ಈ ಕೌಶಲವನ್ನು ಕೇಳುವವರು ವಿರಳ. ಕೇಳಿದರೂ ಮುಗಿದ ಮೇಲೆ ಮಾದರಿಯು ಯಾರ ಬಳಿ ಉಳಿಯಬೇಕು, ಯಾವ ರೂಪದಲ್ಲಿ ಉಳಿಯಬೇಕೆಂಬುದನ್ನು ಬರೆಯುವವರು ಇನ್ನೂ ವಿರಳ. ೧೯೫೬ರಲ್ಲಿ ಪೂರ್ಣಗೊಂಡ ನಮ್ಮ ವಿಧಾನಸೌಧದ ಒಂದು ನಕಾಶೆಯ ಹಾಳೆಯು ಕೈಗೆ ಸಿಕ್ಕರೆ ಅದನ್ನು ಓದಲು ಯಾರ ಪರವಾನಗಿಯೂ ಬೇಡ, ಕಣ್ಣಿದ್ದರೆ ಸಾಕು. ಇಂದು ಕಟ್ಟುತ್ತಿರುವ ಕಟ್ಟಡದ ಕಡತವನ್ನು ಎಪ್ಪತ್ತು ವರ್ಷಗಳ ಮೇಲೆ ತೆರೆಯಬಲ್ಲವರು ಯಾರು?

ಧೋರಣೆಯಿಲ್ಲವೆಂದು ಹೇಳುವಂತೆಯೂ ಇಲ್ಲ. ಭಾರತ ಸರ್ಕಾರವು ೨೦೧೦ರ ನವೆಂಬರಿನಲ್ಲಿಯೇ ಇ-ಆಡಳಿತಕ್ಕೆ ಮುಕ್ತ ಮಾನಕಗಳ ಧೋರಣೆಯೊಂದನ್ನು ಪ್ರಕಟಿಸಿತು. ಸರ್ಕಾರದ ಮಾಹಿತಿಯು ಒಬ್ಬನೇ ಮಾರಾಟಗಾರನ ಹಿಡಿತಕ್ಕೆ ಸಿಕ್ಕಬಾರದೆಂಬುದು ಅದರ ಉದ್ದೇಶಗಳಲ್ಲಿ ಒಂದು. ೨೦೧೫ರಲ್ಲಿ ಮುಕ್ತ ತಂತ್ರಾಂಶಗಳ ಕುರಿತಾದ ಧೋರಣೆಯೂ ಬಂದಿತು. ಅರ್ಜಿ ನಮೂನೆಗೂ ಪಹಣಿಗೂ ಸಲ್ಲುವ ನ್ಯಾಯವು ನೂರಾರು ಕೋಟಿ ರೂಪಾಯಿಗಳ ಕಟ್ಟಡದ ಮಾದರಿಗೆ ಸಲ್ಲಬಾರದೇಕೆ? ಆ ಧೋರಣೆಯ ಅಂತರಾರ್ಥವನ್ನು ಲೋಕೋಪಯೋಗಿ ಇಲಾಖೆಗಳಿಗೂ ಮೆಟ್ರೋ ನಿಗಮಗಳಿಗೂ ವಿಸ್ತರಿಸಲು ಹೊಸ ಕಾನೂನು ಬೇಕಾಗಿಲ್ಲ. ಟೆಂಡರಿನ ಷರತ್ತುಗಳಲ್ಲಿ ಒಂದು ಪುಟವನ್ನು ಸೇರಿಸಿದರೆ ಸಾಕಾಗುವುದು. ಮಾದರಿಯ ಮೂಲ ಕಡತದೊಡನೆ ಐ.ಎಫ್.ಸಿ. ಪ್ರತಿಯೊಂದನ್ನು ಪ್ರತಿ ಹಂತದಲ್ಲಿಯೂ ಒಪ್ಪಿಸತಕ್ಕದ್ದೆಂದೂ, ಅದರಲ್ಲಿ ಯಾವ ಯಾವ ಗುಣಗಳು ಇರಬೇಕೆಂದೂ, ಕಟ್ಟಿ ಮುಗಿಸಿದ ಮೇಲೆ ನಿಜವಾಗಿ ಕಟ್ಟಿದಂತೆ ತಿದ್ದಿದ ಮಾದರಿಯು ಇಲಾಖೆಯ ಸೊತ್ತೆಂದೂ ಆ ಪುಟದಲ್ಲಿ ಬರೆದಿರಬೇಕು. ಒಪ್ಪಿಸಿದ ಪ್ರತಿಯನ್ನು ಇಲಾಖೆಯವರು ತೆರೆದು ಪರೀಕ್ಷಿಸಿದ ಹೊರತು ಕೊನೆಯ ಕಂತನ್ನು ಪಾವತಿ ಮಾಡಕೂಡದು. ಈ ಕಡೆಯ ಮಾತನ್ನು ಬಿಟ್ಟರೆ ಮಿಕ್ಕದ್ದೆಲ್ಲ ಕಾಗದದಲ್ಲಿಯೇ ಉಳಿಯುವುದು. ನಮ್ಮ ಇಲಾಖೆಗಳ ರೀತಿಯನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಮಾತ್ರ ತೂಕವುಳ್ಳದ್ದು. ಸಣ್ಣ ಊರಿನ ಗುತ್ತಿಗೆದಾರನೂ ಒಬ್ಬಿಬ್ಬರ ಇಂಜಿನಿಯರಿಂಗ್ ಕಚೇರಿಯೂ ಈ ಹೊಸ ಹೊರೆಯನ್ನು ತಾಳಲಾರವು, ಕೆಲಸವೆಲ್ಲ ದೊಡ್ಡವರ ಪಾಲಾಗುವುದು ಎಂಬುದೇ ಅದು. ಆದರೆ ಸಣ್ಣವನಿಗೆ ನಿಜವಾದ ಭಾರವು ಬಾಡಿಗೆಯ ಪರವಾನಗಿ. ಷರತ್ತು ಒಂದು ಕಂಪೆನಿಯ ಹೆಸರನ್ನು ಹೇಳಿದರೆ ಅವನು ಅದನ್ನು ಕೊಳ್ಳಲೇಬೇಕು; ಮುಕ್ತ ರೂಪವನ್ನು ಹೇಳಿದರೆ ತನ್ನ ಶಕ್ತಿಗೆ ತಕ್ಕದ್ದನ್ನು ಆರಿಸಿಕೊಳ್ಳಬಹುದು. ಫ್ರೀಕ್ಯಾಡ್, ಬಾನ್ಸಾಯ್ ಎಂಬ ತಂತ್ರಾಂಶಗಳು ಯಾವ ಬೆಲೆಯೂ ಇಲ್ಲದೆ ದೊರೆಯುತ್ತವೆ, ಎರಡನೆಯದಂತೂ ಐ.ಎಫ್.ಸಿ.ಯಲ್ಲಿಯೇ ನೇರವಾಗಿ ಕೆಲಸ ಮಾಡುವುದು. ದೊಡ್ಡ ವಿಮಾನ ನಿಲ್ದಾಣವನ್ನು ಇವುಗಳಿಂದಲೇ ರಚಿಸಬಹುದೆಂದು ನಾವು ಹೇಳುವುದಿಲ್ಲ. ತಾಲ್ಲೂಕಿನ ಆಸ್ಪತ್ರೆಗೂ ಪ್ರೌಢಶಾಲೆಗೂ ಇವು ಸಾಕಾಗಬಹುದು. ಅಷ್ಟರಿಂದಲೇ ಮೊದಲು ಮಾಡಲಿ. ಮುಕ್ತ ಮಾನಕವೂ ಪರದೇಶದಲ್ಲಿ ಹುಟ್ಟಿದ್ದೇ ಅಲ್ಲವೇ ಎಂದು ಕುಟುಕುವವರಿಗೆ ಇಷ್ಟೇ ಉತ್ತರ: ರೈಲಿನ ಹಳಿಯ ಅಳತೆಯೂ ಪರದೇಶದ್ದೇ, ಆದರೆ ಅದನ್ನು ಬಳಸಲು ಯಾರನ್ನೂ ಕೇಳಬೇಕಾಗಿಲ್ಲ.

ಈ ಕೆಲಸದಲ್ಲಿ ಸರ್ಕಾರವು ಮೊದಲು ಕೈಹಾಕಬೇಕಾದದ್ದು ನಮ್ಮ ಪಾಲಿಟೆಕ್ನಿಕ್‌ಗಳಲ್ಲಿ. ಕಂಪೆನಿಗಳು ವಿದ್ಯಾರ್ಥಿಗಳಿಗೆ ತಮ್ಮ ತಂತ್ರಾಂಶವನ್ನು ಪುಕ್ಕಟೆಯಾಗಿ ಕೊಡುತ್ತವೆ. ಉದಾರತೆಯಿಂದ ಮಾತ್ರವೇ ಕೊಡುತ್ತವೆಂದು ತಿಳಿಯುವಷ್ಟು ಮುಗ್ಧರು ಯಾರೂ ಇರಲಾರರು. ಹದಿನೆಂಟು ವರ್ಷದ ಹುಡುಗನು ಗೋಡೆಯನ್ನೆಬ್ಬಿಸಲು ಒಂದೇ ಕಂಪೆನಿಯ ಗುಂಡಿಗಳನ್ನು ಒತ್ತಿ ಕಲಿತರೆ, ನಾಳೆ ಜೂನಿಯರ್ ಇಂಜಿನಿಯರನಾಗಿ ಟೆಂಡರು ಬರೆಯುವಾಗ ಅದೇ ಹೆಸರು ಅವನ ಲೇಖನಿಗೆ ಬರುವುದು. ಸಿವಿಲ್ ಡಿಪ್ಲೊಮಾದ ಪಠ್ಯದಲ್ಲಿ ತಂತ್ರಾಂಶದ ಹೆಸರನ್ನು ಕಲಿಸುವುದರ ಜೊತೆಗೆ, ಒಂದು ಐ.ಎಫ್.ಸಿ. ಕಡತವನ್ನು ತೆರೆದು ಅದರಲ್ಲಿ ಎಷ್ಟು ಬಾಗಿಲುಗಳಿವೆ, ಯಾವ ಕೊಳವೆಯು ಯಾವ ತೊಲೆಗೆ ತಾಗಿದೆ, ಯಾವ ಗೋಡೆಗೆ ಗುಣಗಳನ್ನು ಬರೆಯಲು ಮರೆತಿದ್ದಾರೆ ಎಂದು ಹುಡುಕುವುದನ್ನು ಪರೀಕ್ಷೆಯ ಪ್ರಶ್ನೆಯನ್ನಾಗಿ ಇಡಬೇಕು. ಲೋಕೋಪಯೋಗಿ ಇಲಾಖೆಗೆ ಕೊನೆಯ ಕಂತಿನ ಮುಂಚೆ ಕಡತವನ್ನು ಪರೀಕ್ಷಿಸಬಲ್ಲವರು ಬೇಕಾದರೆ ಅವರು ಅಲ್ಲಿಂದಲೇ ಬರತಕ್ಕವರು.